ಎರಡನೆಯ ಭೇಟಿಗೆ ಅಡ್ಡಬಂದ ಬಾಣ

ಜಲಾಶಯದ ಸೈಕಲ್ ದಾರಿಯ ಉಸ್ತುವಾರಿ ಆಯುಕ್ತರಿಗೆ,

ಮಾನ್ಯರೇ,

ನಮ್ಮ ದಾರಿಯ ಮೇಲೆ ನೀವು ಬಳಿಸಿರುವ ಬಿಳಿ ಬಾಣಗಳನ್ನು ಅಳಿಸಿ. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ‘ತಮ್ಮ ಅಮೂಲ್ಯ ಸಲಹೆಯನ್ನು ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆಂದು ಅನುಭವದಿಂದ ಬಲ್ಲೆ. ಅದಕ್ಕೇ ಊರ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಕೇಳುತ್ತಿದ್ದೇನೆ.

ದೂರದ ಮಹಾನಗರಕ್ಕೆ ಕುಡಿಯುವ ನೀರು ಬೇಕೆಂದು ಈ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವೆ ನಮ್ಮ ಹಿರಿಯರ ಹಳ್ಳಿಗಳನ್ನು ಮುಳುಗಿಸಿದರು. ಆಮೇಲೆ ರೈಲೂ ನಿಂತಿತು. ಹಳಿ ಕಿತ್ತ ಉತ್ತರ ದಡದ ಹಾದಿ ಸೈಕಲ್ಲಿಗೆ ಸಿಕ್ಕಿತು. ಅದಕ್ಕೆ ದಕ್ಷಿಣ ದಡದ ಹಳೆಯ ರಸ್ತೆ ಸೇರಿ ನೀರಿನ ಸುತ್ತ ಒಂದು ಪೂರ್ತಿ ಸುತ್ತಾಯಿತು. ನಿಮ್ಮ ಕರಪತ್ರ ಇದನ್ನು ‘ರಮಣೀಯ’ ಎನ್ನುತ್ತದೆ. ಇರಬಹುದು. ಆದರೆ ನಾನು ಮೇಪಲ್ ಎಲೆ ಕೆಂಪಾಗುವುದನ್ನು ನೋಡಲು ಪೆಡಲ್ ತುಳಿಯುವವಳಲ್ಲ. ಎಲೆ ನಮ್ಮ ಹಿತ್ತಲಲ್ಲೂ ಕೆಂಪಾಗುತ್ತದೆ. ನಾನು ಹೋಗುವುದು ಎದುರಿಗೆ ಬರುವವರಿಗಾಗಿ.

ಸುತ್ತುದಾರಿಯಲ್ಲಿ ಎದುರು ಬರುವವರು ಎರಡು ಸಲ ಸಿಗುತ್ತಾರೆ, ಗಮನಿಸಿದ್ದೀರಾ? ಕಾರಿನಲ್ಲಿ ಓಡಾಡುವವರು ಗಮನಿಸಿರಲಿಕ್ಕಿಲ್ಲ. ನಮ್ಮಲ್ಲಿ ಅದಕ್ಕೊಂದು ಪದ್ಧತಿಯೇ ಇದೆ. ಮೊದಲ ಸಲ ಸಿಕ್ಕಾಗ ನಿಲ್ಲುವುದಿಲ್ಲ. ಗಂಟೆ ಬಾರಿಸಿ, ಕೇಳುವುದಿದ್ದರೆ ಒಂದು ಮಾತು ಕೇಳಿ ಹೋಗುವುದು. ಎರಡನೆಯ ಸಲ ಇಬ್ಬರೂ ನಿಲ್ಲಬೇಕು, ಕಾಲು ಊರಬೇಕು, ಆ ಮಾತಿಗೆ ಉತ್ತರ ಕೊಡಬೇಕು, ಡಬ್ಬಿಯಲ್ಲಿದ್ದ ಡೋನಟ್ಟನ್ನು ಮುರಿದು ಹಂಚಿಕೊಳ್ಳಬೇಕು. ಉತ್ತರ ಯೋಚಿಸಲು ಅರ್ಧ ಸುತ್ತಿನಷ್ಟು ಸಮಯ. ಇಬ್ಬರೂ ಒಟ್ಟಿಗೇ ನಿಲ್ಲುವುದರಿಂದ ಮೊದಲು ಸೋತವರು ಯಾರು ಎಂಬ ಪ್ರಶ್ನೆಯೂ ಇಲ್ಲ. ಇಲ್ಲಿ ಎಷ್ಟು ಮದುವೆ ಕುದುರಿವೆ, ಎಷ್ಟು ಬೇಲಿ ಜಗಳ ಮುಗಿದಿವೆ ಎಂಬುದು ನಿಮ್ಮ ಸಂಚಾರ ಸಮೀಕ್ಷೆಯಲ್ಲಿ ಬಂದಿದೆಯೇ?

ನನ್ನ ಅಣ್ಣ ಲೊವೆಲ್ ಪಶ್ಚಿಮ ತುದಿಯ ಊರಿನಲ್ಲಿದ್ದಾನೆ, ನಾನು ಪೂರ್ವ ತುದಿಯಲ್ಲಿ. ನಮ್ಮಿಬ್ಬರಿಗೂ ಆರು ವರ್ಷದಿಂದ ಮಾತಿಲ್ಲ. ಅಮ್ಮ ಹುಟ್ಟಿದ ಹಳ್ಳಿ ಈ ನೀರಿನಡಿ ಇದೆ. ಆ ಹಳ್ಳಿಯ ಸಮಾಧಿಗಳನ್ನೆಲ್ಲ ಹಿಂದೆಯೇ ಗುಡ್ಡದ ಮೇಲಕ್ಕೆ ಸಾಗಿಸಿದ್ದರು. ಅಮ್ಮನನ್ನೂ ಅಲ್ಲೇ, ಅವಳ ಜನರ ಜೊತೆ ಮಣ್ಣು ಮಾಡಬೇಕೆಂದು ನಾನು ಹೇಳಿದೆ. ಅವನು ತನ್ನ ಊರಿನ ಚರ್ಚಿನ ಹಿಂದೆ, ಅಪ್ಪನ ಪಕ್ಕದಲ್ಲಿ ಮಾಡಿಸಿದ. ಅವತ್ತಿನ ಸಿಟ್ಟು ಇವತ್ತಿಗೂ ಇದೆ. ಆದರೆ ಅಣ್ಣನೂ ಬೇಕು ಎನಿಸುತ್ತದೆ. ಎರಡೂ ನಿಜ.

ಶನಿವಾರ ಬೆಳಿಗ್ಗೆ ಅವನು ನೀರನ್ನು ಬಲಕ್ಕಿಟ್ಟುಕೊಂಡು ಹೊರಡುತ್ತಿದ್ದ, ನಾನು ಎಡಕ್ಕಿಟ್ಟುಕೊಂಡು. ಎಷ್ಟೋ ಶನಿವಾರ ಮುಖ ತಿರುಗಿಸಿಯೇ ಹಾದುಹೋದೆವು. ಹೋದ ವರ್ಷ ಒಂದು ಶನಿವಾರ ಅವನ ಗಂಟೆ ಸದ್ದು ಮಾಡಿತು. ಮುಂದಿನ ವಾರ ನನ್ನದೂ ಸದ್ದು ಮಾಡಿತು, ಕೈ ತಾಗಿತೆಂದೇ ಇಟ್ಟುಕೊಳ್ಳಿ. ಈ ಏಪ್ರಿಲ್‌ನಲ್ಲಿ “ಮುಂದೆ ಎದುರುಗಾಳಿ ಐತೆ” ಎಂದ. ಸೆಪ್ಟೆಂಬರ್ ಕೊನೆಗೆ, ರೈಲಿಗಾಗಿ ಬಂಡೆ ಕೊರೆದ ತಿರುವಿನಲ್ಲಿ, ವೇಗ ತಗ್ಗಿಸಿ ಕೇಳಿದ: “ಆರ್ಡಿಸ್, ಆಚೆ ದಡದಲ್ಲಿ ನಿಲ್ತೀಯೇನೇ?”

ಪದ್ಧತಿಯಂತೆ ನಾನು ಉತ್ತರ ಕೊಡದೆ ಮುಂದೆ ಹೋದೆ. ದಕ್ಷಿಣ ದಡಕ್ಕೆ ತಿರುಗಿದೆ, ಅಲ್ಲಿ ನಿಮ್ಮ ಜನ ಬಣ್ಣದ ಡಬ್ಬಿ ಇಟ್ಟುಕೊಂಡು ನಿಂತಿದ್ದರು. “ಇವತ್ತಿಂದ ಈ ಕಡೆಯಿಂದ ಬರಂಗಿಲ್ಲ ಅಮ್ಮಾ, ವಾಪಸ್ ಹೋಗಿ” ಎಂದರು. ಬೇಡಿಕೊಂಡೆ, ಬೈದೆ, ಆಗಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಿದೆ. ಅಣ್ಣ ಆಚೆ ದಡದಲ್ಲಿ, ನಾವು ಎರಡನೆಯ ಸಲ ಎದುರಾಗುವ ಬೆಂಚಿನ ಹತ್ತಿರ ಕಾದಿರಬೇಕು. ಬಣ್ಣ ನೋಡಿ ಕಾರಣ ಊಹಿಸಿದನೋ, ತಂಗಿ ‘ಒಲ್ಲೆ’ ಅಂದಳು ಎಂದುಕೊಂಡನೋ? ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಎಲೆ ನೋಡಲು ಬಂದ ಪ್ರವಾಸಿಗನೊಬ್ಬ ಫೋಟೋ ತೆಗೆಯುತ್ತಾ ಇನ್ನೊಬ್ಬನಿಗೆ ಗುದ್ದಿದನಂತೆ, ಅದಕ್ಕೇ ಈ ಏಕಮುಖ ಸಂಚಾರವಂತೆ. ಪೆಟ್ಟಾದದ್ದು ಅವನ ಫೋನಿಗೆ. ಶಿಕ್ಷೆ ನಮಗೆ. ಬಾಣ ಹೇಳಿದಂತೆ ಈಗ ಎಲ್ಲರೂ ನೀರನ್ನು ಬಲಕ್ಕಿಟ್ಟುಕೊಂಡೇ ಹೋಗಬೇಕು. ನಾನು ಈ ತುದಿಯಿಂದ ಹೊರಟರೆ ಅವನು ಆ ತುದಿಯಿಂದ ಹೊರಡುತ್ತಾನೆ, ಇಬ್ಬರ ವೇಗವೂ ಒಂದೇ. ಎರಡು ಶನಿವಾರ ನೀರಿನಾಚೆ ಅವನ ಹಳದಿ ಜಾಕೆಟ್ ಒಂದು ಚುಕ್ಕೆಯಾಗಿ ಸಾಗುವುದನ್ನು ನೋಡಿದೆ. ನಾನು ಜೋರಾಗಿ ತುಳಿದೆ, ಅವನೂ ತುಳಿದ. ನಿಧಾನಿಸಿದೆ, ಅವನೂ ನಿಧಾನಿಸಿದ. ಫೋನ್ ಮಾಡಬಾರದೇ ಎನ್ನುತ್ತೀರಿ. ಫೋನಿನಲ್ಲಿ ಯಾರಾದರೊಬ್ಬರು ಮೊದಲು ಮಾಡಬೇಕು. ಬೆಂಚಿನ ಹತ್ತಿರ ನಿಂತು ಕಾಯಬಾರದೇ? ಅಲ್ಲೂ ಒಬ್ಬರು ಮೊದಲು ನಿಲ್ಲಬೇಕು. ನಮ್ಮ ಮನೆತನದಲ್ಲಿ ಆ ಅಭ್ಯಾಸ ಯಾರಿಗೂ ಇಲ್ಲ.

ಕಳೆದ ಶನಿವಾರ ಧೈರ್ಯ ಮಾಡಿ ಬಾಣಕ್ಕೆ ವಿರುದ್ಧವಾಗಿ ಹೊರಟೆ. ಅಣ್ಣ ಹೇಗೂ ನಿಯಮದಂತೆ ಬರುತ್ತಾನೆ, ಎದುರು ಸಿಕ್ಕೇ ಸಿಗುತ್ತಾನೆ ಎಂಬ ಲೆಕ್ಕ. ಬಂಡೆ ತಿರುವಿನ ಹತ್ತಿರ ಸಿಕ್ಕಿದ್ದು ನಿಮ್ಮ ಕಾವಲಿನ ರೋಂಡಾ.

“ಬಾಣ ಕಾಣ್ಲಿಲ್ವಾ?”

“ಕಾಣ್ತು ಕಣಮ್ಮ. ಅದಕ್ಕೇ ಈ ಕಡೆ ಬಂದೆ.”

ಅವಳು ದಂಡದ ಚೀಟಿ ಬರೆಯುತ್ತಿದ್ದಾಗ ಸೊಂಟದ ವೈರ್‌ಲೆಸ್ ಗೊರಗುಟ್ಟಿತು. ಆಚೆ ದಡದಿಂದ ಅವಳ ಜೊತೆಗಾರ: “ರೋಂಡಾ, ಇಲ್ಲೊಬ್ರು ಹಳದಿ ಜಾಕೆಟ್ ಹಾಕಿರೋ ಯಜಮಾನ್ರು ಉಲ್ಟಾ ಹೊಂಟವ್ರೆ. ಎಷ್ಟ್ ಹೇಳಿದ್ರೂ ಕೇಳ್ತಿಲ್ಲ. ನಮ್ ತಂಗಿ ಭಾಳ ಶಿಸ್ತಿನೋಳು, ಬಾಣ ನೋಡ್ಕೊಂಡೇ ಬರ್ತಾಳೆ, ಹಿಂಗ್ ಹೋದ್ರೇನೇ ಎದುರಿಗ್ ಸಿಗೋದು ಅಂತಾರೆ.”

ರೋಂಡಾ ಪೆನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆ ಶಿಸ್ತಿನ ತಂಗಿ ನೀವೇನಾ?” ನನಗೆ ನಗುವೂ ಬಂತು, ಅಳುವೂ ಬಂತು. ಅವಳು ವೈರ್‌ಲೆಸ್ ಮುಂದೆ ಹಿಡಿದು, “ಏನಾದ್ರೂ ಹೇಳ್ತೀರಾ? ಗುಂಡಿ ಒತ್ತಿ ಕೊಡ್ತೀನಿ” ಎಂದಳು. ಒಳ್ಳೆಯ ಹೆಂಗಸು. “ಬೇಡ ಕಣಮ್ಮ,” ಎಂದೆ, “ದಾರೀಲಿ ಕೇಳಿದ್ದಕ್ಕೆ ದಾರೀಲೇ ಹೇಳ್ಬೇಕು.” ಆಮೇಲೆ ನಿಮ್ಮ ಕಾನೂನು ಇಬ್ಬರನ್ನೂ ಏಕಕಾಲಕ್ಕೆ ಹಿಂದಕ್ಕೆ ತಿರುಗಿಸಿತು. ಮತ್ತೆ ಇಬ್ಬರೂ ಒಂದೇ ಕಡೆ, ನಡುವೆ ಅಷ್ಟೇ ನೀರು.

ಮಾನ್ಯರೇ, ಮೊದಲ ಹಿಮ ಬಿದ್ದರೆ ಏಪ್ರಿಲ್‌ವರೆಗೆ ಸೈಕಲ್ ಇಲ್ಲ. ಅಣ್ಣನ ಮೊಣಕಾಲು ಇನ್ನೊಂದು ಚಳಿಗಾಲ ದಾಟಿ ಪೆಡಲ್ ತುಳಿದೀತೆಂಬ ಭರವಸೆ ನನಗಿಲ್ಲ. ಹಿಮ ಬೀಳುವ ಮೊದಲು ಬಾಣ ಅಳಿಸಿ. ಒಂದು ಮಳೆಗೆ ಹೋಗುವ ಬಣ್ಣವಾಗಿದ್ದರೆ ನಾನು ನಿಮಗೆ ತೊಂದರೆಯನ್ನೇ ಕೊಡುತ್ತಿರಲಿಲ್ಲ. ಅಳಿಸಲು ಮೂರು ಸಭೆ ಬೇಕೆಂದಾದರೆ ಕರೆಯಿರಿ, ನಾವು ಕಾಯುವುದಿಲ್ಲ. ಬರುವ ಶನಿವಾರ ನಾನು ಮತ್ತೆ ಬಾಣಕ್ಕೆ ವಿರುದ್ಧವಾಗಿಯೇ ಹೊರಡುತ್ತೇನೆ. ನಮ್ಮಲ್ಲಿ ಒಬ್ಬರಾದರೂ ಕಾನೂನು ಪಾಲಿಸಬೇಕಲ್ಲವೇ, ಅದು ಪಶ್ಚಿಮ ತುದಿಯಲ್ಲಿ ಈ ಪತ್ರಿಕೆ ಓದುವ ಹಳದಿ ಜಾಕೆಟ್ಟಿನವನಾಗಲಿ. ರೋಂಡಾ ನನ್ನನ್ನು ಹಿಡಿಯಲಿ, ಚೀಟಿ ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ದಕ್ಷಿಣ ದಡದ ಬೆಂಚಿನವರೆಗೆ ಬಿಟ್ಟು, ಆಮೇಲೆ ಹಿಡಿಯಲು ಹೇಳಿ. ಡಬ್ಬಿಯಲ್ಲಿ ಅವಳಿಗೂ ಒಂದು ಡೋನಟ್ ಇರುತ್ತದೆ.

ಇಂತಿ,
ಯಾರ ಲೆಕ್ಕದಲ್ಲೋ ಶಿಸ್ತಿನ ತಂಗಿ,
ಆರ್ಡಿಸ್ ಕೀಟರ್