ಪದಕೋಶದಲ್ಲಿ ಇಲ್ಲದ ಬೇಜಾರು

ಮೇ ೨೯, ಗುರುವಾರ ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ ನಿನ್ನ ಬಾಲದ ನಮಸ್ಕಾರಗಳು.

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ನನ್ನ ಕಿವಿ ಹಿಂಡು. ಸದಾ ನಿನ್ನ ಹಿಂದೆಯೇ ಸುತ್ತುತ್ತಾಳೆಂದು ನನಗೆ ಬಾಲ ಅಂತ ಹೆಸರಿಟ್ಟವಳು ನೀನು. ಆ ಬಾಲವೇ ಇಷ್ಟು ದಿನ ಸುಮ್ಮನಿತ್ತು. ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನನಗೆ ಹೆದರಿಕೆಯಾಗಿದೆ ಅಕ್ಕ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ತಡೆದುಕೋ.

ಮನಃಶಾಸ್ತ್ರದ ಪದವಿಗೆ ಸೀಟು ಸಿಕ್ಕಿದ್ದು ನಿನಗೆ ಗೊತ್ತೇ ಇದೆ. ಕಾಲೇಜು ಶುರುವಾಗುವುದು ಜುಲೈಯಲ್ಲಿ. ಅಷ್ಟರೊಳಗೆ ಓದಿಕೊಂಡು ಬನ್ನಿ ಎಂದು ಒಂದು ದಪ್ಪ ಪುಸ್ತಕದ ಹೆಸರು ಕಳಿಸಿದ್ದರು. ಮೊದಲ ವಾರ ಅದರಲ್ಲಿದ್ದ ಕಾಯಿಲೆಗಳೆಲ್ಲ ನನಗೇ ಇದ್ದವು. ಎರಡನೇ ವಾರ ಅವನ್ನು ಅಪ್ಪನಿಗೆ ಹಂಚಿದೆ. ಈಗ ಅಪ್ಪ ಅಂಗಡಿಯ ಬಾಗಿಲು ತೆಗೆಯುವಾಗಲೇ, "ಏನ್ ಡಾಕ್ಟ್ರಮ್ಮಾ, ಇವತ್ತು ನಂಗೆ ಯಾವ್ದು ಬಂದಿದೆ?" ಅಂತ ಕೇಳುತ್ತಾರೆ.

ರಜೆಯೆಲ್ಲ ನಾನು ಅಂಗಡಿಯಲ್ಲೇ ಇದ್ದೇನೆ. ಅಪ್ಪ ಹಿಂದೆ ಕೂತು ಕನ್ನಡಕದ ಗಾಜು ಉಜ್ಜುತ್ತಾರೆ, ನಾನು ಮುಂದೆ ಗಿರಾಕಿಗಳನ್ನು ಕೂರಿಸಿ ಗೋಡೆಯ ಹಲಗೆಯ ಅಕ್ಷರ ಓದಿಸುತ್ತೇನೆ. ಮೊನ್ನೆ ಒಬ್ಬ ನಿವೃತ್ತ ಮೇಷ್ಟ್ರು ಕೊನೆಯ ಸಾಲಿನವರೆಗೂ ಗಡಗಡ ಓದಿಬಿಟ್ಟರು. ಅಪ್ಪ ಎದ್ದು ಬಂದು ಹಲಗೆ ಬದಲಾಯಿಸಿದರು. ಮೇಷ್ಟ್ರು ಎರಡನೇ ಸಾಲಿಗೇ ನಿಂತರು. ಸರದಿ ಕಾಯುವಾಗ ಬಾಯಿಪಾಠ ಮಾಡಿಕೊಂಡಿದ್ದರಂತೆ! ಅವರು ಹೋದ ಮೇಲೆ ಅಪ್ಪ ಹೇಳಿದರು: "ಕಾಣಲ್ಲ ಅಂತ ಹೇಳೋಕೆ ಜನಕ್ಕೆ ನಾಚಿಕೆ. ಚೆನ್ನಾಗಿ ಕಾಣ್ತಿದೆ ಅಂದ್ರೆ ನಂಬ್ಕೊಂಡು ಕೂರ್ಬೇಡ. ಹಲಗೆ ಬದಲಾಯಿಸಿ ಕೇಳು."

ಕಾಲೇಜಿನ ಮೇಡಂ ಪುಸ್ತಕದ ಜೊತೆಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದರು. ಮನೆಯಲ್ಲಿ ದಿನಾ ಕೇಳುವ ಒಂದೇ ಒಂದು ಪದ ಆರಿಸಿಕೊಳ್ಳಬೇಕು. ಯಾರು, ಯಾವಾಗ, ಏನು ಮಾಡುತ್ತಾ ಅದನ್ನು ಹೇಳಿದರು ಎಂದು ರಜೆ ಪೂರ್ತಿ ಬರೆದಿಡಬೇಕು. "ಕೇಳಿದ್ದನ್ನು ಮಾತ್ರ ಬರೆಯಿರಿ. ಅರ್ಥ ಹಚ್ಚುವುದಕ್ಕೆ ಮೂರು ವರ್ಷವಿದೆ" ಎಂದು ಕೆಳಗೆ ಸೂಚನೆ ಬೇರೆ.

ನಾನು ಬೇಜಾರು ಅನ್ನುವ ಪದ ಆರಿಸಿಕೊಂಡೆ. ಕರೆಂಟು ಹೋದರೆ ಮಹಡಿಯ ಟೈಲರಮ್ಮನಿಗೆ ಬೇಜಾರು. ಹೇಳಿದ ದಿನಕ್ಕೆ ಕನ್ನಡಕ ಕೊಡದಿದ್ದರೆ ಗಿರಾಕಿ ಬೇಜಾರು ಮಾಡಿಕೊಳ್ಳುತ್ತಾರೆಂದು ಅಪ್ಪನಿಗೆ ಚಿಂತೆ. ಓದಲು ಬೇಜಾರೆಂದು ನಾನು ಹೇಳಿದ್ದೇ ಹದಿನಾಲ್ಕು ಸಲ. ಕೋಪಕ್ಕೂ ಅದೇ, ಸೋಮಾರಿತನಕ್ಕೂ ಅದೇ, ಮನಸ್ಸು ನೊಂದರೂ ಅದೇ. ಪುಸ್ತಕದ ಕೊನೆಯ ಪದಕೋಶದಲ್ಲಿ ಹುಡುಕಿದೆ. ಆತಂಕ ಇದೆ, ಖಿನ್ನತೆ ಇದೆ, ಬೇಜಾರು ಇಲ್ಲ.

ಖಿನ್ನತೆಯ ಪುಟವನ್ನು ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಬೆಳಿಗ್ಗೆ ಏಳಲಾಗದೆ ಮಲಗಿರುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಅಳುವುದು. ಅಲ್ಲಿದ್ದದ್ದು ನಮ್ಮ ಅಮ್ಮ. ಅಷ್ಟನ್ನೂ ಅವಳು ಒಂದೇ ಪದದಲ್ಲಿ ನಮಗೆ ಹೇಳುತ್ತಿದ್ದಳು, "ಬೇಜಾರು ಕಣ್ರೇ" ಅಂತ. ನಾವು ಅದನ್ನು ಕರೆಂಟು ಹೋದ ಬೇಜಾರೆಂದೇ ತಿಳಿದೆವು.

ಆಮೇಲೆ ನಿನ್ನ ಕಾಗದಗಳ ಡಬ್ಬಿ ತೆಗೆದೆ. ಫೋನಿನಲ್ಲಿ ನಾವಿಬ್ಬರೂ ಯಾವತ್ತೂ ಮನಸ್ಸು ಬಿಚ್ಚಿದವರಲ್ಲ, ಅತ್ತ ನಿನ್ನ ಮನೆಯವರು, ಇತ್ತ ಗಿರಾಕಿಗಳು. ನಮ್ಮದೇನಿದ್ದರೂ ಕಾಗದದಲ್ಲೇ. ಮಗು ಹುಟ್ಟಿದ ಮೇಲಿನವನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಕೂತೆ. ಜನವರಿಯಲ್ಲಿ, "ಯಾಕೋ ತುಂಬಾ ಬೇಜಾರು ಕಣೇ. ಮಗು ಅತ್ತರೆ ನಾನೂ ಅಳುತ್ತೇನೆ." ಫೆಬ್ರವರಿಯಲ್ಲಿ ಆ ಪದ ಆರು ಸಲ ಇದೆ. ಕೊನೆಯ ಮೂರು ಕಾಗದಗಳಲ್ಲಿ ಒಂದು ಸಲವೂ ಇಲ್ಲ. "ಎಲ್ಲ ಚೆನ್ನಾಗಿದೆ. ಮಗು ಚೆನ್ನಾಗಿದೆ. ನನ್ನ ಹಸಿರು ಶಾಲು ಇನ್ನು ನೀನೇ ಇಟ್ಟುಕೋ."

ಮೊದಲು ಖುಷಿಪಟ್ಟೆ. ಅಕ್ಕ ಗೆಲುವಾದಳು ಅಂದುಕೊಂಡೆ. ಆಗ ಅಪ್ಪನ ಹಳೆಯ ಮಾತು ನೆನಪಾಯಿತು. "ಅಂತೂ ನಿಮ್ಮಮ್ಮ ಗೆಲುವಾದ್ಲು" ಅಂತ ಅವರು ಹೇಳಿದ್ದು ಅಮ್ಮನ ಕೊನೆಯ ತಿಂಗಳಲ್ಲಿ. ಆ ತಿಂಗಳು ಅಮ್ಮ ಬೇಜಾರು ಅನ್ನಲೇ ಇಲ್ಲ. ಬೀರು ಒಪ್ಪ ಮಾಡಿದಳು, ನಮ್ಮ ಬಟ್ಟೆಗಳಿಗೆಲ್ಲ ಗುಂಡಿ ಹೊಲಿದಳು. ಆಮೇಲೆ ನಡೆದದ್ದನ್ನು ಕೇಳಿದವರಿಗೆಲ್ಲ ಹೃದಯ ನಿಂತಿತು ಅಂತ ಹೇಳಿದೆವು. ಅದಲ್ಲವೆಂದು ನಮ್ಮ ಮೂವರಿಗೂ ಗೊತ್ತು.

ಇವತ್ತು ಬೆಳಿಗ್ಗೆ ಭಾವ ಕೆಲಸ ಮಾಡುವ ಪ್ರೆಸ್ಸಿಗೇ ಫೋನ್ ಮಾಡಿದೆ. "ಅವ್ಳು ಈಗ ಚೆನ್ನಾಗೇ ಇದಾಳಲ್ಲ, ಅಳೋದೂ ನಿಂತಿದೆ. ಮನೆಯೆಲ್ಲ ಒಪ್ಪ ಮಾಡಿ ಇಟ್ಟಿದಾಳೆ" ಅಂದರು. ಅಮ್ಮನ ವಿಷಯವನ್ನು ಪೂರ್ತಿ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೈಯಿ, ಬೈಸಿಕೊಳ್ಳುತ್ತೇನೆ. ಭಾವ, "ನಾನು ಈಗ್ಲೇ ಮನೆಗೆ ಹೋಗ್ತೀನಿ. ನೀನು ಬರೋವರ್ಗೂ ಎಲ್ಲೂ ಕದಲಲ್ಲ" ಅಂದರು. ಪಾಪ, ಅವರ ಮೇಲೆ ಸಿಡುಕಬೇಡ.

ಮೇಡಂಗೂ ಫೋನ್ ಮಾಡಿ ಕೇಳಿದೆ. "ಸುತ್ತಿ ಬಳಸಿ ಕೇಳ್ಬೇಡಮ್ಮ, ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗಿ ಕೇಳು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಬರಲ್ಲ" ಅಂದರು. ನಿಮ್ಮೂರಿನ ಒಬ್ಬ ಡಾಕ್ಟರ ಹೆಸರನ್ನೂ ಕೊಟ್ಟಿದ್ದಾರೆ. ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ ಅಕ್ಕ, ನಿನಗೆ ಸಾಯುವ ಯೋಚನೆ ಬರುತ್ತಿದೆಯಾ?

ಅಪ್ಪನಿಗೆ ಹೇಳಿದಾಗ ಅವರು ಉಜ್ಜುತ್ತಿದ್ದ ಗಾಜನ್ನು ಕೆಳಗಿಟ್ಟು, ತಮ್ಮ ಕನ್ನಡಕ ತೆಗೆದು, ಒರೆಸಿದ್ದನ್ನೇ ಒರೆಸುತ್ತಾ ಕೂತರು. "ನಾಳೆ ಅಂಗಡಿ ತೆಗೆಯಲ್ಲ, ನಾನೂ ಬರ್ತೀನಿ" ಅಂತ ಅಷ್ಟೇ ಅಂದರು.

ನಿಮ್ಮೂರಿಗೆ ಇವತ್ತಿನ ಕೊನೆಯ ಬಸ್ಸು ಹೋಗಿಬಿಟ್ಟಿದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ನಿನ್ನ ಕೈಗೆ ಕೊಡುತ್ತೇನೆ. ಎದುರು ಕೂತರೆ ನನಗೆ ಬಾಯೇ ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಅಪ್ಪ ಮಗುವನ್ನು ಎತ್ತಿಕೊಂಡಿರುತ್ತಾರೆ, ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ, ನೀನು ಓದು. ನಾನಿನ್ನೂ ಒಂದು ಪಾಠವನ್ನೂ ಕೇಳಿದವಳಲ್ಲ, ನನ್ನ ಊಹೆ ಪೂರ್ತಿ ತಪ್ಪಿರಬಹುದು. ತಪ್ಪಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗು. ಜೀವನವಿಡೀ ನನ್ನನ್ನು ಡಾಕ್ಟ್ರಮ್ಮ ಎಂದು ಆಡಿಕೋ. ತಪ್ಪಿರಲಿ ಎಂದೇ ನನ್ನ ಆಸೆ.

ಆದರೆ ಚೆನ್ನಾಗಿದ್ದೇನೆ ಎಂದು ಮಾತ್ರ ಬಾಯಿಪಾಠ ಒಪ್ಪಿಸಬೇಡ. ನಾನು ಹಲಗೆ ಬದಲಾಯಿಸಿ ಕೇಳುವವಳು. ಶಾಲನ್ನೂ ತರುತ್ತಿದ್ದೇನೆ, ಅದು ನಿನ್ನದು.

ಮಗುವಿನ ಎರಡು ಕೆನ್ನೆಗೂ ಮುತ್ತು. ನಿನಗೆ ನನ್ನ ಆಯಸ್ಸೂ ಸೇರಲಿ. ಚಿಕ್ಕವಳು ಹರಸಬಾರದೆನ್ನಬೇಡ, ಇದೊಂದು ಸಲ ಹರಸಿಬಿಡುತ್ತೇನೆ.

ಇಂತಿ ನಿನ್ನ
ಬಾಲ

ತಾ.ಕ.: ಅಮ್ಮ ಆ ಪದವನ್ನು ತಾನಾಗಿ ಬಿಟ್ಟದ್ದಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನನಗೆ ಹನ್ನೊಂದು ವರ್ಷ, ಶಾಲೆಗೆ ತಡವಾಗಿತ್ತು. ಜಡೆ ಹಾಕುತ್ತಾ ಅಮ್ಮ, "ಯಾಕೋ ತುಂಬಾ ಬೇಜಾರು ಕಣೇ" ಅಂದಳು. "ನಿಂದು ದಿನಾ ಇದೇ ಆಯ್ತು, ಇನ್ಮೇಲೆ ನಂಗೆ ಹೇಳ್ಬೇಡ" ಅಂದೆ. ಅಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿ, "ಸರಿ, ಹೇಳಲ್ಲ" ಅಂದಳು. ಹೇಳಲೂ ಇಲ್ಲ. ಫೆಬ್ರವರಿಯಲ್ಲಿ ನಾನು ನಿನಗೆ, "ಸಾಕು ಮಾಡೇ ನಿನ್ನ ಬೇಜಾರಿನ ಪುರಾಣ" ಎಂದು ತಮಾಷೆಗೆ ಬರೆದಿದ್ದೆ. ಅದರ ಮುಂದಿನ ಕಾಗದದಿಂದಲೇ ನೀನೂ ಬಿಟ್ಟೆ. ಆ ಸಾಲನ್ನು ಹೊಡೆದುಹಾಕು ಅಕ್ಕ. ನನಗೆ ಹೇಳು. ದಿನಾ ಹೇಳು.