ಗಿಣಿ ಚೀಲ ತುಂಬಿದಳು

ಮೂರನೇ ಮಹಡಿಯ ಮನೆ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮಂಡಿಯ ವಿಷಯ ಹೇಳು. ಆಪರೇಷನ್ ಆಗಿ ಹತ್ತು ತಿಂಗಳಾದರೂ ಕೋಲು ಬಿಟ್ಟಿಲ್ಲವೆಂದು ಭಾವ ಹೇಳಿದರು. ಡಾಕ್ಟರು ದಿನಕ್ಕೆರಡು ಸಲ ನಡೆಯಿರಿ ಎಂದರೆ ನಾಲ್ಕು ಸಲ ಮೆಟ್ಟಿಲು ಹತ್ತುವವಳು ನೀನು, ನಿನ್ನನ್ನು ಬಲ್ಲೆ. ಭಾವನವರ ಕೆಮ್ಮು ಕಡಿಮೆಯಾಯಿತೆ? ನಾನು ಚೆನ್ನಾಗಿದ್ದೇನೆ. ಹೋದ ವಾರ ಆಸ್ಪತ್ರೆಯ ಹಳೇ ಲಿಫ್ಟಿಗೆ ಹಗ್ಗ ಬದಲಿಸುವಾಗ ಎಡಗೈ ಹೆಬ್ಬೆರಳು ಜಜ್ಜಿಕೊಂಡೆ, ಅಷ್ಟೆ. ಅಕ್ಷರ ಕಾಗೆಕಾಲಿನಂತಿರುವುದಕ್ಕೆ ಆ ಬೆರಳು ಕಾರಣವಲ್ಲ, ಬರೆಯುತ್ತಿರುವುದು ಬಲಗೈಯಲ್ಲೇ.

ಫೋನ್ ಬಿಟ್ಟು ಕಾಗದವೇಕೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ಗಿಣಿ ಎಲ್ಲಿದ್ದರೂ ಬಂದು ನನ್ನ ಪಕ್ಕ ನಿಲ್ಲುತ್ತಾಳೆ. ಕಿವಿಗೊತ್ತಿಕೊಂಡು ಕೇಳುತ್ತಾಳೆ, ತಾನು ಒಂದಕ್ಷರ ಆಡುವುದಿಲ್ಲ. ಅವಳೆದುರು ಹೇಳಲಾಗದ ಮಾತಿದು. ಈಗ ಅವಳು ಶಾಲೆಯಲ್ಲಿದ್ದಾಳೆ. ನಾನು ಅರ್ಧ ದಿನ ರಜೆ ಹಾಕಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ಮಾತೇ ಆಡದ ಮಗುವಿಗೆ ಗಿಣಿ ಎಂದು ಹೆಸರಿಟ್ಟವಳು ನೀನೇ, ಮೂಗು ನೋಡಿ. ನಿನ್ನ ಹತ್ತಿರವಾದರೂ ಪಿಸುಪಿಸು ಎನ್ನುತ್ತಿದ್ದಳಂತೆ. ನನ್ನ ಹತ್ತಿರ ಇರುವುದು ಒಂದೇ ಮಾತು, "ಹೂಂ". ಅದರಲ್ಲಿ ಬೇಕು ಎಂಬ ಹೂಂ ಯಾವುದು, ಬೇಡ ಎಂಬ ಹೂಂ ಯಾವುದು ಎಂದು ತಿಳಿಯಲು ಅವಳು ನನ್ನ ಜೊತೆಗಿದ್ದ ಈ ಹತ್ತು ತಿಂಗಳು ಸಾಲಲಿಲ್ಲ. ತಪ್ಪು ನನ್ನದೇ. ಅವಳ ತಾಯಿ ತೀರಿಕೊಂಡಾಗ ಎರಡು ವರ್ಷದ ಕೂಸನ್ನು ನಿನ್ನ ಮಡಿಲಿಗೆ ಹಾಕಿ, ಕೆಲಸ ಕೆಲಸ ಎಂದು ಆರು ವರ್ಷ ಊರೂರು ಅಲೆದವನು ನಾನು. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟರೆ ಎಷ್ಟನೇ ಮಹಡಿಯಲ್ಲಿ ಯಾವ ಚಕ್ರ ಸವೆದಿದೆ ಎಂದು ಹೇಳಿಬಿಡುತ್ತೇನೆ. ಮಗಳು ಊಟದ ತಟ್ಟೆ ಮುಂದೆ ಸುಮ್ಮನೆ ಕೂತರೆ ಹೊಟ್ಟೆ ತುಂಬಿದೆಯೋ ಮನಸ್ಸು ತುಂಬಿದೆಯೋ ಗೊತ್ತಾಗುವುದಿಲ್ಲ. ಅಪರೂಪಕ್ಕೆ ಬಾಯಿ ತೆರೆದರೂ ನನ್ನನ್ನು "ನೀವು" ಎನ್ನುತ್ತಾಳೆ ಅಕ್ಕಾ, ಶಾಲೆಯ ಹೆಡ್‌ಮಾಸ್ತರನ್ನು ಅಂದಂತೆ.

ಅವಳ ಟೀಚರ್ ಒಳ್ಳೆಯವರು. "ಮಾತಾಡ್ಸೋಕೆ ಹೋಗ್ಬೇಡಿ. ಅವಸರ ಇಲ್ಲದ ಕಡೆ ಕರ್ಕೊಂಡ್ ಹೋಗಿ, ಸುಮ್ನೆ ಜೊತೇಲಿರಿ," ಎಂದರು. ಶಾಲೆಯ ಲೈಬ್ರರಿಯಿಂದ ಗಿಣಿ ಮಂಜುಗಡ್ಡೆಯ ಸಮುದ್ರದ ಚಿತ್ರಪುಸ್ತಕವೊಂದನ್ನು ಮೂರು ಸಲ ತಂದಿದ್ದಳು. ಅಲ್ಲಿಗೇ ಹೋದರೆ ಹೇಗೆ ಎಂದು ನನಗೆ ತೋಚಿತು. ಶನಿವಾರ ಇಬ್ಬರೂ ಟಿಕೆಟ್ ಆಫೀಸಿಗೆ ಹೋದೆವು. ಅಲ್ಲಿದ್ದ ಮೇಡಂ ಮೊದಲು ತೋರಿಸಿದ್ದು ಊರಿನಷ್ಟು ದೊಡ್ಡ ಹಡಗು. ಜಾರುಬಂಡೆ, ಜಾದೂ, ಬೆಳಗಾದರೆ ಸ್ಪೀಕರ್ ಹಾಕಿ ಮಕ್ಕಳನ್ನು ಕುಣಿಸುವುದು. ಗಿಣಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಗಲಾಟೆ ಇಲ್ಲದ್ದು ತೋರಿಸಿ ಎಂದೆ. ಆಗ ಒಂದು ಪುಟ್ಟ ಹಡಗು ಹೊರಬಂತು. ಅರುವತ್ತೇ ಜನ, ಏಳು ದಿನ, ಮಂಜುಗಡ್ಡೆಗಳ ನಡುವೆ ಆಮೆಯ ಹಾಗೆ ಹೋಗುವುದು, ಬೇಕಾದಾಗ ಏಳುವುದು, ಕಂಬಳಿ ಹೊದ್ದು ಕಿಟಕಿಯಲ್ಲಿ ಕೂರುವುದು. "ಮಾಡೋಕೆ ಏನೂ ಇರಲ್ಲ ಸಾರ್, ಆಮೇಲೆ ಬೋರ್ ಆಯ್ತು ಅಂತ ನನ್ನ ಬೈಬೇಡಿ," ಎಂದು ಮೇಡಂ ಮೊದಲೇ ಕೈತೊಳೆದುಕೊಂಡರು. ಗಿಣಿ ನಕ್ಷೆಯ ಮೇಲೆ ಬೆರಳಿಟ್ಟು ಎಡಗಡೆಯ ಕಿಟಕಿ ಆರಿಸಿದಳು. ನನಗೆ ಲಾಟರಿ ಹೊಡೆದಷ್ಟು ಸಂತೋಷ.

ಅಂದು ಸಂಜೆ ಮೀನಿನ ಗೋದಾಮಿಗೆ ಕರೆದುಕೊಂಡು ಹೋಗಿದ್ದೆ. ನಗಬೇಡ. ಅಲ್ಲಿನ ಸಾಮಾನಿನ ಲಿಫ್ಟು ನೋಡಿಕೊಳ್ಳುವವನು ನಾನೇ. ದಾರಿಯಲ್ಲಿ ಅವಳಿಗೆ ಕೊಂಡ ಹೊಸ ಕೋಟು ಚಳಿ ತಡೆಯುತ್ತದೋ ಇಲ್ಲವೋ ಪರೀಕ್ಷೆಯಾಗಲಿ ಎಂದು ಕಾವಲುಗಾರನನ್ನು ಕೇಳಿಕೊಂಡು ಶೀತದ ಕೋಣೆಯಲ್ಲಿ ಐದು ನಿಮಿಷ ನಿಂತೆವು. ಪೆಟ್ಟಿಗೆಗಳ ಮಧ್ಯೆ, ಕಣ್ಣು ಮೂಗು ಬಿಟ್ಟು ಉಳಿದದ್ದೆಲ್ಲ ಉಣ್ಣೆಯೊಳಗೆ. ಬಾಯಿಂದ ಹಬೆ ಬಂದದ್ದು ಕಂಡು ಗಿಣಿ ಇನ್ನೊಮ್ಮೆ ಊದಿದಳು, ಮತ್ತೊಮ್ಮೆ ಊದಿದಳು, ಆಮೇಲೆ ನನ್ನ ಮುಖಕ್ಕೇ ಊದಿ ನಕ್ಕಳು. ಹತ್ತು ತಿಂಗಳಲ್ಲಿ ಮೊದಲ ನಗು ಅಕ್ಕಾ. ಮನೆಗೆ ಬರುವಾಗ ನಾನು ಸಿಳ್ಳೆ ಹಾಕುತ್ತಿದ್ದೆ.

ಹಾಗೆ ಹಿಗ್ಗಿದವನು ಮರುದಿನ ಭಾನುವಾರ ನೆಲಕ್ಕೆ ಬಿದ್ದೆ. ಹಡಗು ಹೊರಡುವುದು ಏಪ್ರಿಲ್ ಕೊನೆಗೆ, ಆದರೂ ಏನೇನು ಹಿಡಿಸುತ್ತದೆ ನೋಡೋಣ, ನಿನ್ನ ಚೀಲ ನೀನೇ ತುಂಬು ಎಂದಿದ್ದೆ. ಬಾಗಿಲು ಹಾಕಿಕೊಂಡು ಒಂದು ಗಂಟೆ ತುಂಬಿದಳು. ಹೋಗಿ ನೋಡಿದರೆ ಜಿಪ್ಪು ಹಾಕಲಾಗದೆ ಚೀಲದ ಮೇಲೆ ಕೂತಿದ್ದಾಳೆ. ತೆಗೆದು ನೋಡಿದೆ. ಬೇಸಿಗೆಯ ಫ್ರಾಕುಗಳು, ಶಾಲೆಯ ಸಮವಸ್ತ್ರ, ಎರಡು ವರ್ಷದ ಅಂಕಪಟ್ಟಿ, ಹಾಲು ಕುಡಿಯುವ ಲೋಟ, ಕಾಲಿಗೆ ಹಿಡಿಸದ ಹಳೇ ಶೂ, ನೀನು ಹೊಲಿದುಕೊಟ್ಟ ದಿಂಬಿನ ಚೀಲ. ಕಪಾಟಿನಲ್ಲಿ ಒಂದು ಕರ್ಚೀಫೂ ಉಳಿದಿರಲಿಲ್ಲ. ದಡ್ಡನ ಹಾಗೆ ನಕ್ಕು, "ಮಂಜಿನಲ್ಲಿ ಫ್ರಾಕ್ ಹಾಕ್ಕೋತೀಯೇನೇ?" ಎಂದುಬಿಟ್ಟೆ. ಅವಳು ನನ್ನ ಮುಖ ನೋಡಲಿಲ್ಲ. ಶೂವಿನ ಲೇಸು ಸುತ್ತುತ್ತಾ ಕೇಳಿದಳು, "ಅಲ್ಲಿ ನಾನು ಯಾರ ಮನೇಲಿರ್ಬೇಕು?"

ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳ ಎದುರು ನೆಲದ ಮೇಲೆ ಕೂತೆ. ಯಾರ ಮನೆಯೂ ಇಲ್ಲ ಮಗಳೇ, ನಾವಿಬ್ಬರೂ ಹೋಗಿ ಇಬ್ಬರೂ ವಾಪಸ್ ಬರುತ್ತೇವೆ ಎಂದೆ. "ಆವಾಗ್ಲೂ ಹಂಗೇ ಅಂದಿದ್ರಿ," ಎಂದಳು. ಕೋಪವಿಲ್ಲ, ಅಳುವಿಲ್ಲ. ಗಡಿಯಾರ ನೋಡಿ ಗಂಟೆ ಹೇಳಿದ ಹಾಗೆ.

ಆವಾಗ ಅಂದರೆ ಯಾವಾಗ ಎಂದು ನಿನಗೆ ಹೇಳಬೇಕಿಲ್ಲ. ನಿನ್ನ ಆಪರೇಷನ್ ಗೊತ್ತಾದಾಗ, ನಿನ್ನ ಮನೆಯ ಬಾಗಿಲಲ್ಲಿ ನಿಂತು, "ನಾಕ್ ದಿನ ತಿರುಗಾಡ್ಕೊಂಡ್ ಬರೋಣ ಬಾ," ಎಂದು ಕರೆದವನು ನಾನು. ಅವಳು ಅತ್ತರೆ ನಮ್ಮಿಬ್ಬರಿಗೂ ತಡೆಯಲಾಗುವುದಿಲ್ಲವೆಂದು ಆ ಸುಳ್ಳಿಗೆ ತಲೆಯಾಡಿಸಿದವಳು ನೀನು. ಐದನೇ ದಿನ ಅವಳು ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಇನ್ನು ಮೇಲೆ ಇಲ್ಲೇ ಎಂದಾಗ ಚಪ್ಪಲಿ ಬಿಚ್ಚಿ ಗೋಡೆಗೆ ಒತ್ತಿ ಜೋಡಿಸಿ ಒಳಗೆ ಹೋದಳು. ಜಾಣೆ, ಹಟವಿಲ್ಲ ಎಂದು ನಿನಗೆ ಫೋನಿನಲ್ಲಿ ಜಂಬ ಕೊಚ್ಚಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮೇಡಂ ಕೊಟ್ಟಿದ್ದ ಬುಕಿಂಗ್ ಚೀಟಿಯಲ್ಲಿ ವಾಪಸ್ ಬರುವ ದಿನವನ್ನು ತೋರಿಸಿದೆ. ತಾರೀಖಿನ ಮೇಲೆ ಬೆರಳಿಟ್ಟು ಓದಿಕೊಂಡು "ಹೂಂ" ಎಂದಳು. ಆ ಹೂಂ ಮಾತ್ರ ನನಗೆ ಚೆನ್ನಾಗಿ ತಿಳಿಯಿತು. ಹಾಗಾದರೆ ಹಡಗು ಬೇಡವೇ ಬೇಡ ಎಂದೆ. ಅದಕ್ಕೂ "ಹೂಂ". ನಿನ್ನೆ ಟೀಚರನ್ನು ಕೇಳಿದೆ. "ನಂಬಿಕೆ ಬರೋಕೆ ಟೈಮ್ ಬೇಕು," ಎಂದರು. ಟೈಮ್ ಕೊಡಬಹುದು, ಆದರೆ ಅಷ್ಟು ದಿನ ಆ ಚೀಲದ ಎದುರು ನಾನು ಹೇಗೆ ಓಡಾಡಲಿ? ಇವತ್ತಿಗೂ ಬಿಚ್ಚಿಲ್ಲ. ಬೆಳಿಗ್ಗೆ ಅದರಿಂದಲೇ ಸಮವಸ್ತ್ರ ತೆಗೆದು ಹಾಕಿಕೊಂಡು, ಸಂಜೆ ಮಡಿಸಿ ಅದರಲ್ಲೇ ಇಡುತ್ತಾಳೆ. ಶುಕ್ರವಾರದೊಳಗೆ ಹೌದೋ ಅಲ್ಲವೋ ಹೇಳಿ ಎಂದು ಟಿಕೆಟ್ ಮೇಡಂ ಎರಡು ಸಲ ಫೋನ್ ಮಾಡಿದ್ದಾರೆ. ಎರಡು ಸಲವೂ ಮೀಟಿಂಗಿನಲ್ಲಿದ್ದೇನೆ ಎಂದೆ. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನಿಂತವನಿಗೆ ಯಾವ ಮೀಟಿಂಗು?

ಭಾವನವರಿಗೆ ನಮಸ್ಕಾರ ತಿಳಿಸು. ಬಿಸಿನೀರಿನ ಶಾಖ ಬಿಡಬೇಡ. ನಿನ್ನ ಕಾಲು ಬೇಗ ಗುಣವಾಗಲಿ.

ನಿನ್ನ ತಮ್ಮ

ಮರೆತ ಮಾತು, ಗುರುವಾರ ಬೆಳಿಗ್ಗೆ: ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತೇನೆ. ನಿನಗೆ ಕಾಗದ ಹಾಕುತ್ತಿದ್ದೇನೆ ಎಂದಾಗ ಗಿಣಿ ಒಳಗೆ ಹೋಗಿ ಒಂದು ಚೀಟಿ ಬರೆದು, ನಾಲ್ಕೂ ಕಡೆ ಗೋಂದು ಅಂಟಿಸಿ ತಂದುಕೊಟ್ಟಳು. ಇದರೊಳಗಿದೆ. ನಾನು ಒಡೆದು ನೋಡಿಲ್ಲ. ವಾಪಸ್ ಕರೆದುಕೋ ಎಂದು ಬರೆದಿದ್ದರೆ ನನ್ನ ಮುಖ ನೋಡಬೇಡ ಅಕ್ಕಾ, ನಿನ್ನ ಮಂಡಿ ತಡೆಯುತ್ತದೆಯೇ ಎಂದಷ್ಟೇ ನೋಡಿಕೊಂಡು ಹೇಳು. ನಾನೇ ಕರೆತಂದು ಬಿಡುತ್ತೇನೆ. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಈ ಸಲ ಅವಳಿಗೆ ಮೊದಲೇ ಹೇಳಿಯೇ ಹೊರಡುತ್ತೇನೆ.