ನೀನು ಓದಿದ ಕತೆ ಪುಸ್ತಕದಲ್ಲಿಲ್ಲ, ದೊಡ್ಡವ್ವಾ

ದೊಡ್ಡವ್ವಾ, ನನ್ನ ದೊಡ್ಡವ್ವಾ,

ಸಿಕ್ಕಿಬಿದ್ದೆಯಲ್ಲ! ಇಷ್ಟು ವರ್ಷ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿ, ನೀನು ಹೋದ ಎರಡನೇ ವರ್ಷಕ್ಕೆ ನನ್ನ ಕೈಗೆ ಸಿಕ್ಕಿಬಿದ್ದಿದ್ದೀಯ. ನಗಬೇಡ, ಮೊದಲು ಪೂರ್ತಿ ಕೇಳು.

ಹೋದ ತಿಂಗಳು ನಮ್ಮ ಶಾಲೆಗೆ ಕಂಪ್ಯೂಟರ್ ಬಂದವು. ದಾವಣಗೆರೆಯಲ್ಲಿ ಈಗ ಅಪ್ಪ ಅಮ್ಮಂದಿರು ಶಾಲೆಗೆ ಬಂದರೆ ಮೊದಲು ಕೇಳುವುದೇ ಅದನ್ನು. ಅವನ್ನಿಡಲು ಲೈಬ್ರರಿಯ ಗೋಡೆಯ ಮೇಲೆ ಕಣ್ಣು ಬಿತ್ತು. ಅಲ್ಲಿ ನಿಂತಿರುವುದು ನಿನ್ನ ಕಪಾಟು. ಹರಿಹರದ ಶಾಲೆಯಲ್ಲಿ ಪಾಠ ಹೇಳುತ್ತಾ ನೀನು ಜೀವಮಾನವಿಡೀ ಕೂಡಿಸಿದ ಮಕ್ಕಳ ಪುಸ್ತಕಗಳು, ನಾನೇ ಹಟ ಹಿಡಿದು ಇಲ್ಲಿಗೆ ತಂದವು. ಹೆಡ್‌ಮಿಸ್ಟ್ರೆಸ್ ಮೇಡಂ ಕರೆದರು. "ಶೈಲಾ ಟೀಚರ್, ಇವೆಲ್ಲ ಹಳೇ ಕಾಲದವು. ಈಗಿನ ಮಕ್ಕಳಿಗೆ ಸರಿ ಹೋಗ್ತಾವಾ, ಓದಿ ನೋಡಿ ಹೇಳ್ರಿ. ಹೋಗ್ತಾವೆ ಅಂದ್ರೆ ಇರ್ಲಿ, ಇಲ್ಲಾಂದ್ರೆ ರದ್ದಿಗೆ ಹಾಕಣ." ಓದಿ ನೋಡುವುದೇನು ಬಂತು? ನನಗೆ ಬಾಯಿಪಾಠ ಬರುತ್ತಲ್ಲ! "ಕಣ್ಣು ಮುಚ್ಚಿ ಓದಿಸಬಹುದು ಮೇಡಂ" ಎಂದು ಎದೆ ತಟ್ಟಿ ಹೇಳಿ ಬಂದೆ.

ನೆನಪಿದೆಯಾ, ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಕರಿ ರಾಜಕುಮಾರಿಯ ಕತೆ ಓದುತ್ತಿದ್ದದ್ದು? ಹೊಳೆ ತುಂಬಿ ಬಂದಿದೆ. ಆಚೆ ದಡದಲ್ಲಿ ಅವಳ ಪುಟ್ಟ ತಮ್ಮ ಸಿಕ್ಕಿಕೊಂಡಿದ್ದಾನೆ. ಸೈನಿಕರೆಲ್ಲ ಹೆದರಿ ನಿಂತಿದ್ದಾರೆ. ಅವಳು ಸೀರೆ ಎತ್ತಿ ಕಟ್ಟಿ ಹರಿಗೋಲಿಗೆ ಹಾರುತ್ತಾಳೆ, ಒಬ್ಬಳೇ ಹುಟ್ಟು ಹಾಕುತ್ತಾ ಆ ಸೆಳವಿನಲ್ಲಿ... ಅಲ್ಲಿಗೆ ಬಂದರೆ ನಿನ್ನ ಧ್ವನಿಯೇ ಬೇರೆ. ಮನೆಗೆ ಬಂದವರೆಲ್ಲ ನನ್ನನ್ನು "ಕರಿಯವ್ವ" ಎಂದು ಕರೆದು ನಗುತ್ತಿದ್ದ ಕಾಲ ಅದು. ಆ ಕತೆ ಕೇಳಿ ಎದ್ದ ದಿನ ನಾನು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಅಕ್ಷರ ಬಂದ ಮೇಲೂ ಆ ಪುಸ್ತಕವನ್ನು ನಾನಾಗಿ ತೆರೆದವಳಲ್ಲ. ನೀನು ಓದುವಾಗ ನಾನೇಕೆ ಓದಲಿ?

ನಾಲ್ಕನೇ ಕ್ಲಾಸಿಗೆ ಹೋಗಿ, ಮಕ್ಕಳೆದುರು ಠೀವಿಯಿಂದ ಅದನ್ನೇ ತೆರೆದೆ. ಅಚ್ಚಿನಲ್ಲಿ ಏನಿದೆ ಗೊತ್ತಾ? ನಿನಗೆ ಗೊತ್ತಿಲ್ಲದೆ ಇನ್ಯಾರಿಗೆ! ಅವಳು ದಡದ ಮೇಲೆ ಕೂತು ಅಳುತ್ತಾಳೆ. ಮಂತ್ರಿಯ ಮಗ ಬಂದು ತಮ್ಮನನ್ನು ಕರೆತರುತ್ತಾನೆ. ಕೊನೆಗೆ ಅವಳು ಹೊಳೆಯಲ್ಲಿ ಮುಳುಗೆದ್ದು ಹಾಲಿನಂತೆ ಬೆಳ್ಳಗಾಗುತ್ತಾಳೆ, ಆಗ ಮದುವೆ! ಕಣ್ಣಾಡಿಸಿದವಳೇ ಪುಸ್ತಕ ಮುಚ್ಚಿದೆ. ಮಗ್ಗಿ ಹೇಳಿಸಿ ಪೀರಿಯಡ್ ಮುಗಿಸಿದೆ. ಮೊದಲು ಸಿಟ್ಟು ಬಂತು. ಆಮೇಲೆ ಸ್ಟಾಫ್‌ರೂಮಿನಲ್ಲಿ ಒಬ್ಬಳೇ ಕೂತು ನಕ್ಕೆ. ಕಣ್ಣು ಸಾಲಿನ ಮೇಲಿಟ್ಟು, ಸರಿಯಾದ ಹೊತ್ತಿಗೆ ಪುಟವನ್ನೂ ತಿರುವಿ, ಇಲ್ಲದ್ದನ್ನು ಓದುತ್ತಿದ್ದೆಯಲ್ಲ, ಎಂಥ ಗಟ್ಟಿಗಿತ್ತಿ ನೀನು!

ಭಾನುವಾರ ಬಸ್ ಹತ್ತಿ ಹರಿಹರಕ್ಕೆ ಓಡಿದೆ. ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. "ಅವ್ವಾ, ದೊಡ್ಡವ್ವ ನನ್ನ ಬಣ್ಣ ನೋಡಿ ಆ ಕತೆ ಬದಲಿಸಿದ್ಲಾ?" ಎಂದೆ. ಅವ್ವ ಕೈ ನಿಲ್ಲಿಸಲಿಲ್ಲ. "ನಿನ್ನ ನೋಡಿ ಅಲ್ಲ. ಆ ಪುಸ್ತಕ ಆಕಿ ಸಣ್ಣಾಕಿ ಇದ್ದಾಗ್ಲೇ ಮನ್ಯಾಗಿತ್ತು, ನಾನು ಸಣ್ಣಾಕಿ ಇದ್ದಾಗ ನನಗೂ ಹಂಗೇ ಓದ್ತಿದ್ಲು. ನಿನ್ನ ಬಣ್ಣ ಯಾರ್ದು ಅನ್ಕಂಡಿ? ನಿನಗಿಂತ ಒಂದು ಕೈ ಮ್ಯಾಲೇ ಇದ್ಲು ನಮ್ಮಕ್ಕ." ದೊಡ್ಡವ್ವಾ, ನೀನು ಕಪ್ಪಗಿದ್ದೆ ಎಂಬುದು ನನಗೆ ಯಾವತ್ತೂ ಹೊಳೆದೇ ಇರಲಿಲ್ಲ. ಹಾಗಾದರೆ ನಿನಗೆ ಆ ಪುಟ ಓದಿ ಹೇಳಿದವರು ಯಾರು? ಅಚ್ಚಿನಲ್ಲಿದ್ದಂತೆಯೇ ಓದಿದರಾ? ನೀನಾಗ ಎಷ್ಟು ಸಣ್ಣವಳಿದ್ದೆಯೋ... ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು, ಮುಚ್ಚಿಡುವುದೇನು.

ಆದರೆ ಮೇಡಂಗೆ ಏನು ಹೇಳಲಿ? ಬೇಡ ಎಂದರೆ ನಿನ್ನ ಕಪಾಟು ರದ್ದಿಗೆ. ಇರಲಿ ಎಂದರೆ ಆ ಹೊಳೆಯ ಸ್ನಾನ ಇನ್ನೊಬ್ಬ ಕರಿಯವ್ವನ ಕೈಗೆ. ನಿನ್ನ ಹಾಗೆ ಬದಲಿಸಿ ಓದೋಣವೆಂದರೆ ನನ್ನ ನಾಲಗೆ ತಡವರಿಸುತ್ತದೆ. ಆದದ್ದಾಗಲಿ ಎಂದು ಕ್ಲಾಸಿಗೆ ಹೋಗಿ, ಇದ್ದದ್ದನ್ನು ಇದ್ದಂತೆ ಓದಿದೆ. ಅಳುವ ಪುಟಕ್ಕೆ ಬಂದಾಗ ಶಾಮನೂರಿನಿಂದ ಬರುವ ರೇಣುಕಾ, ನಮ್ಮಿಬ್ಬರ ಬಣ್ಣದ ಹುಡುಗಿ, ತಟ್ಟನೆ ಎದ್ದಳು. "ಟೀಚರ್, ಆಕಿ ಯಾಕ ಅಳ್ತಾಳ್ರಿ? ಚಿತ್ರದಾಗೆ ಹರಿಗೋಲು ಐತಲ್ರಿ, ಅಲ್ಲೇ ಕಟ್ಟ್ಯಾರೆ ನೋಡ್ರಿ!" ನೋಡಿದೆ. ಹೌದು! ಬರೆದವರು ಮರೆತದ್ದನ್ನು ಚಿತ್ರ ಬಿಡಿಸಿದವರು ಮೂಲೆಯಲ್ಲಿ ಕಟ್ಟಿಟ್ಟಿದ್ದಾರೆ. ನಿನ್ನ ಹರಿಗೋಲು ಅಲ್ಲಿಂದ ಬಂದದ್ದಾ, ದೊಡ್ಡವ್ವಾ? ಆಮೇಲೆ ಕ್ಲಾಸು ಕ್ಲಾಸಾಗಿ ಉಳಿಯಲಿಲ್ಲ. "ಹೊಳ್ಯಾಗೆ ಮುಳುಗಿದ್ರೆ ಬೆಳ್ಳಗಾಗ್ತಾರೆ ಅಂದ್ರೆ, ನಮ್ಮ ಎಮ್ಮೆ ಇಷ್ಟೊತ್ತಿಗೆ ಬೆಳ್ಳಗಾಗಬೇಕಿತ್ತಲ್ರಿ" ಎಂದ ಇನ್ನೊಬ್ಬ. ಬೆಂಚು ಬಡಿದು ನಕ್ಕರು ಮಕ್ಕಳು. ನನಗೆ ಕುಣಿಯುವಂತಾಯಿತು. ಹಳೇ ಪುಸ್ತಕ ಇವರನ್ನು ಕೆಡಿಸುತ್ತದೆಂದು ನಾನು ಹೆದರಿದರೆ, ಇವರು ಅದರ ಕಿವಿಯನ್ನೇ ಹಿಂಡುತ್ತಿದ್ದಾರೆ!

ಶನಿವಾರ ಮೇಡಂ ಮುಂದೆ ನಿಂತೆ. ಆಳುಮಗನನ್ನು ಹೊಡೆದೂ ಹೊಡೆದೂ ಓದುವವರನ್ನು ನಗಿಸುವ ಒಂದು ಪುಸ್ತಕವನ್ನು ನಾನೇ ತೆಗೆದು ಪಕ್ಕಕ್ಕಿಟ್ಟೆ. ಅದನ್ನು ನೀನೂ ನಮಗೆ ಓದಿರಲಿಲ್ಲ. "ಉಳಿದವು ಇರ್ಲಿ ಮೇಡಂ. ಆದ್ರೆ ಮಕ್ಕಳ ಕೈಗೆ ಕೊಟ್ಟು ನಾವು ಎದ್ದು ಹೋಗಂಗಿಲ್ಲ. ಜೊತೆಗೆ ಕುಂತು ಓದಬೇಕು, ಅವರು ಜಗಳ ತೆಗೆದ್ರೆ ತೆಗೀಲಿ" ಎಂದೆ.

"ಯಾರು ಕೂಡ್ತಾರ್ರೀ ಅಷ್ಟೊತ್ತು?"

"ನಾನು ಕೂಡ್ತೀನ್ರಿ."

ಕಪಾಟು ಇದ್ದಲ್ಲೇ ಇದೆ, ದೊಡ್ಡವ್ವಾ! ಕಂಪ್ಯೂಟರ್‌ಗಳು ಎದುರು ಗೋಡೆಗೆ ಹೋದವು. ಶನಿವಾರದ ಕೊನೆಯ ಪೀರಿಯಡ್ ಇನ್ನು ನಮ್ಮದು.

ಇನ್ನೊಂದು ಸುದ್ದಿ. ರೇಣುಕಾ ಆ ಪುಸ್ತಕವನ್ನು ಮನೆಗೆ ಒಯ್ದಿದ್ದಾಳೆ, ಇನ್ನೂ ಶಾಲೆಗೆ ಸೇರದ ತಂಗಿಗೆ ಓದಿ ಹೇಳಲು. ಮೊನ್ನೆ ಕೇಳಿದೆ, "ಆ ಬೆಳ್ಳಗಾಗೋ ಪುಟ ಹೆಂಗೆ ಓದಿದೆಯೇ ತಂಗಿಗೆ?"

"ಯಾವ ಪುಟ ಟೀಚರ್?" ಎಂದಳು, ರೆಪ್ಪೆಯನ್ನೂ ಅಲುಗಿಸದೆ. "ಹಂಗೇನೂ ಇಲ್ರಿ ಅದ್ರಾಗೆ."

ನಿನ್ನ
ಶೈಲಾ